ಸುತ್ತು ಆಡದ ದಿನಗಳ ಭಾರ: ಡಿಸ್ಕ್ ಗಾಲ್ಫ್ ಆಟಗಾರ್ತಿಯೊಬ್ಬರ ಮೊಣಕೈ ಪ್ರಕರಣ

ಈ ಪ್ರಕರಣ ನನ್ನ ಅತ್ತಿಗೆಯದು. ವಯಸ್ಸು ನಲವತ್ತಮೂರು. ಹುಟ್ಟಿ ಬೆಳೆದದ್ದು ದಾವಣಗೆರೆಯಲ್ಲಿ, ಈಗಿರುವುದು ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ಷಾರ್ಲೆಟ್ ನಗರದಲ್ಲಿ, ಬ್ಯಾಂಕೊಂದರ ಸಾಫ್ಟ್‌ವೇರ್ ವಿಭಾಗದ ಉದ್ಯೋಗದಲ್ಲಿ. ಕಾಲೇಜಿನ ದಿನಗಳಲ್ಲಿ ಥ್ರೋಬಾಲ್ ತಂಡದಲ್ಲಿದ್ದರು. ಆಮೇಲೆ ಇಪ್ಪತ್ತು ವರ್ಷ ಯಾವ ಆಟವೂ ಇರಲಿಲ್ಲ. ಡಿಸ್ಕ್ ಗಾಲ್ಫ್ ಹಿಡಿದ ಎರಡನೆಯ ವಸಂತದಲ್ಲಿ ಅವರ ಬಲ ಮೊಣಕೈ ನೋಯತೊಡಗಿತು. ಆಟ ನಿಲ್ಲಿಸಿದರು, ನೋವು ಹೋಯಿತು. ಮರಳಿ ಆಡಿದರು, ನೋವು ಮೊದಲಿಗಿಂತ ಜೋರಾಗಿ ಬಂತು. ನಾನು ಅವರಿಗಿಂತ ಕೆಲವು ವರ್ಷ ಮೊದಲಿನಿಂದ ಇದೇ ಊರಿನಲ್ಲಿ ಆಡುತ್ತಿರುವುದರಿಂದ, ಮುಂದಿನ ತಿಂಗಳುಗಳ ಲೆಕ್ಕ ಇಡುವ ಕೆಲಸ ನನ್ನ ಪಾಲಿಗೆ ಬಂತು. ಅವರ ಒಪ್ಪಿಗೆ ಪಡೆದು ಅದನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ. ಇಂಥ ಮೊಣಕೈಗಳನ್ನು ಇಲ್ಲಿನ ಆಟದ ಜಾಗಗಳಲ್ಲಿ ಎಷ್ಟೋ ನೋಡಿದ್ದೇನೆ. ಅವರಿಗೆಲ್ಲ ಸಿಗುವ ಸಲಹೆ ಒಂದೇ: ಕೆಲವು ದಿನ ಆಟ ಬಿಡಿ. ಆ ಸಲಹೆ ಎಲ್ಲಿ ಸೋಲುತ್ತದೆ ಎಂಬುದು ಈ ಪ್ರಕರಣದಲ್ಲಿ ಸ್ಪಷ್ಟವಾಗಿ ಕಾಣಿಸುತ್ತದೆ.

ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಗಾಲ್ಫಿನ ಚೆಂಡು, ಕೋಲುಗಳ ಬದಲು ಇಲ್ಲಿ ಕೈಯಿಂದ ಎಸೆಯುವ ತಟ್ಟೆ. ಗುಳಿಯ ಬದಲು ಕಂಬಕ್ಕೆ ಸರಪಳಿಗಳನ್ನು ಇಳಿಬಿಟ್ಟ ಲೋಹದ ಬುಟ್ಟಿ. ಎಸೆತ ಕಡಿಮೆಯಾದಷ್ಟೂ ಒಳ್ಳೆಯದು. ಫ್ರಿಸ್ಬಿಯನ್ನು ಸುಧಾರಿಸಿದ ಎಡ್ ಹೆಡ್ರಿಕ್ 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್‌ನಲ್ಲಿ ಮೊದಲ ಶಾಶ್ವತ ಅಂಕಣವನ್ನು ನಿರ್ಮಿಸಿದರು. ಮರುವರ್ಷವೇ ಆಟಗಾರರ ಸಂಘವಾದ ಪಿಡಿಜಿಎ ಹುಟ್ಟಿತು. ಒಂದು ಸುತ್ತಿಗೆ ಸಾಮಾನ್ಯವಾಗಿ ಹದಿನೆಂಟು ಬುಟ್ಟಿಗಳು, ಎರಡು ಎರಡೂವರೆ ತಾಸಿನ ನಡಿಗೆ. ಅಂಕಣಗಳು ಬಹುಪಾಲು ಸಾರ್ವಜನಿಕ ಉದ್ಯಾನಗಳಲ್ಲಿವೆ, ಹೆಚ್ಚಿನ ಕಡೆ ಶುಲ್ಕವಿಲ್ಲ. ಷಾರ್ಲೆಟ್ ಸುತ್ತಮುತ್ತ ಈ ಆಟದ ಹುಚ್ಚು ಹೆಚ್ಚು. 2012ರ ವಿಶ್ವ ಚಾಂಪಿಯನ್‌ಷಿಪ್ ಇಲ್ಲಿಯೇ ನಡೆದು, ಪಾಲ್ ಮ್ಯಾಕ್‌ಬೆತ್ ತಮ್ಮ ಮೊದಲ ವಿಶ್ವ ಪ್ರಶಸ್ತಿಯನ್ನು ಗೆದ್ದರು. ಇಲ್ಲಿಂದ ದಕ್ಷಿಣಕ್ಕೆ ಅರ್ಧ ತಾಸಿನ ದಾರಿಯಲ್ಲಿರುವ ರಾಕ್ ಹಿಲ್ ಪಟ್ಟಣದ ವಿನ್‌ಥ್ರಾಪ್ ವಿಶ್ವವಿದ್ಯಾಲಯದಲ್ಲಿ 1999ರಿಂದ ಅಮೆರಿಕದ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಯುತ್ತಿದೆ.

ಶುಲ್ಕವಿಲ್ಲ, ಅಂಕಣ ಮನೆಯ ಹತ್ತಿರ, ಜೊತೆಗಾರರು ಸದಾ ಸಿಗುತ್ತಾರೆ. ಮಿತಿಮೀರಿ ಆಡುವುದಕ್ಕೆ ಈ ಆಟದಷ್ಟು ಅನುಕೂಲ ಇನ್ನೊಂದರಲ್ಲಿ ಇಲ್ಲ.

ನೋವಿಗೆ ಮೊದಲಿನ ವಾರಗಳು

ಅತ್ತಿಗೆಯ ಮಟ್ಟಿಗೆ ಅದು ಹೊತ್ತು ಕಳೆಯುವ ಆಟವಾಗಿರಲಿಲ್ಲ. ಇಬ್ಬರು ಮಕ್ಕಳು, ಉದ್ಯೋಗ, ಬೆಂಗಳೂರಿನ ತಂಡದೊಂದಿಗೆ ರಾತ್ರಿ ಹತ್ತರ ಮೇಲೆ ನಡೆಯುವ ಸಭೆಗಳು. ಇವುಗಳ ನಡುವೆ ತಮ್ಮದೇ ಆದ ಎರಡು ತಾಸು ಅವರಿಗೆ ಸಿಕ್ಕಿದ್ದು ಮರಗಳ ನಡುವಿನ ಆ ದಾರಿಯಲ್ಲಿ. ಅಲ್ಲಿ ಸಿಕ್ಕ ಗೆಳತಿಯರೂ ಆಫೀಸಿನವರಲ್ಲ, ಮಕ್ಕಳ ಶಾಲೆಯವರಲ್ಲ. ಇದನ್ನು ವೈದ್ಯಕೀಯ ಇತಿಹಾಸದ ಭಾಗವೆಂದೇ ನಾನು ಪರಿಗಣಿಸುತ್ತೇನೆ. ಮುಂದೆ ಯಾವ ಯೋಜನೆ ಮಾಡಿದರೂ ಈ ಎರಡು ತಾಸನ್ನು ಕಿತ್ತುಕೊಳ್ಳುವ ಯೋಜನೆ ಬಾಳುತ್ತಿರಲಿಲ್ಲ.

ಚಳಿಗಾಲದಲ್ಲಿ ವಾರಕ್ಕೆ ಎರಡು ಸುತ್ತು ಆಡುತ್ತಿದ್ದರು. ಮಾರ್ಚ್ ತಿಂಗಳ ಎರಡನೆಯ ಭಾನುವಾರ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಸಂಜೆ ಏಳೂವರೆಯವರೆಗೂ ಬೆಳಕು ಬರುತ್ತದೆ, ಲೀಗ್ ಪಂದ್ಯಗಳು ಶುರುವಾಗುತ್ತವೆ. ಆ ವರ್ಷ ಅವರು ಬುಧವಾರದ ಲೀಗ್‌ಗೆ ಹೆಸರು ಕೊಟ್ಟರು. ಸೋಮವಾರ ಕೆಲಸ ಮುಗಿದ ಮೇಲೆ ಒಂದು ಸುತ್ತು, ಶನಿವಾರ ಹಾರ್ನೆಟ್ಸ್ ನೆಸ್ಟ್ ಪಾರ್ಕ್‌ನಲ್ಲೋ ಬೇರೆಡೆಯೋ ಎರಡು ಸುತ್ತು, ಭಾನುವಾರ ಅಣ್ಣ ಮತ್ತು ಮಕ್ಕಳ ಜೊತೆ ಒಂದು. ಶುಕ್ರವಾರ ಬಿಡುವು. ಮಂಗಳವಾರ ಮತ್ತು ಗುರುವಾರ, ಅವರ ಮಾತಿನಲ್ಲಿ, ವಿಶ್ರಾಂತಿಯ ದಿನಗಳು.

ಏಪ್ರಿಲ್ ಕೊನೆಯ ಹೊತ್ತಿಗೆ ಮೊಣಕೈಯ ಹೊರಬದಿಯ ಮೂಳೆಯ ಬಳಿ ಒಂದು ಸಣ್ಣ ಉರಿ. ಮೊದಲ ಮೂರು ನಾಲ್ಕು ಎಸೆತಗಳಲ್ಲಿ ಇರುತ್ತಿತ್ತು, ಮೈ ಬಿಸಿಯಾದ ಮೇಲೆ ಮಾಯವಾಗುತ್ತಿತ್ತು. ಈ ಮಾಯವಾಗುವಿಕೆಯೇ ಆಟಗಾರರನ್ನು ಮುಂದಕ್ಕೆ ತಳ್ಳುತ್ತದೆ. ಎರಡು ವಾರ ಕಳೆಯುವಷ್ಟರಲ್ಲಿ ಬೆಳಿಗ್ಗೆ ಹಾಲಿನ ಕ್ಯಾನ್ ಎತ್ತುವಾಗ ನೋವು, ಬಾಗಿಲ ಹಿಡಿ ತಿರುಗಿಸುವಾಗ ನೋವು, ಲ್ಯಾಪ್‌ಟಾಪ್ ಚೀಲ ಎತ್ತುವಾಗ ನೋವು.

ಮೇ ತಿಂಗಳ ಆರಂಭದಲ್ಲಿ ಆಟವನ್ನು ಪೂರ್ತಿ ನಿಲ್ಲಿಸಿದರು. ಎರಡು ವಾರಕ್ಕಿಂತ ಸ್ವಲ್ಪ ಹೆಚ್ಚೇ ತಟ್ಟೆ ಮುಟ್ಟಲಿಲ್ಲ. ನೋವು ಬಹುತೇಕ ಇಳಿಯಿತು. ಮೇ ಕೊನೆಯ ಸೋಮವಾರ ಇಲ್ಲಿ ಹುತಾತ್ಮರ ದಿನದ ರಜೆ. ಆ ದೀರ್ಘ ವಾರಾಂತ್ಯದಲ್ಲಿ ಶನಿವಾರ ಎರಡು ಸುತ್ತಿನ ಸಣ್ಣ ಟೂರ್ನಿ, ಸೋಮವಾರ ಇನ್ನೊಂದು ಸುತ್ತು ಆಡಿದರು. ಮಂಗಳವಾರ ಬೆಳಿಗ್ಗೆ ಕಾಫಿ ಲೋಟ ಎತ್ತಲು ಎಡಗೈ ಬಳಸಬೇಕಾಯಿತು.

ಎಣಿಕೆ

ಜೂನ್ ಮೊದಲ ವಾರ ಅವರು ಫಿಸಿಯೋಥೆರಪಿಸ್ಟ್ ಒಬ್ಬರನ್ನು ಕಂಡರು, ಜೊತೆಗೆ ನಾನೂ ಹೋಗಿದ್ದೆ. ಮುಷ್ಟಿ ಬಿಗಿಯುವಾಗ ನೋವು, ಬೆರಳುಗಳನ್ನು ಒತ್ತಡದ ವಿರುದ್ಧ ಮೇಲಕ್ಕೆತ್ತುವಾಗ ನೋವು, ಮೂಳೆಯ ಆ ಒಂದು ಬಿಂದುವಿನಲ್ಲಿ ಒತ್ತಿದರೆ ನೋವು. ಕುತ್ತಿಗೆಯ ನರದ ತೊಂದರೆ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, ಇದು ಟೆನಿಸ್ ಎಲ್ಬೋ ಎಂದರು. 2004ರಲ್ಲಿ ಸಚಿನ್ ತೆಂಡೂಲ್ಕರ್ ಅವರನ್ನು ಕಾಡಿದ್ದರಿಂದ ಭಾರತದಲ್ಲಿ ಮನೆಮಾತಾದ ಅದೇ ತೊಂದರೆ. ಟೆನಿಸ್ ಆಡದವರಿಗೇ ಅದು ಹೆಚ್ಚು ಬರುತ್ತದೆ, ನಲವತ್ತರ ಆಸುಪಾಸಿನಲ್ಲಿ ವಿಶೇಷವಾಗಿ.

ಆಮೇಲೆ ಫಿಸಿಯೋಥೆರಪಿಸ್ಟ್ ಕೇಳಿದ ಪ್ರಶ್ನೆಯೇ ಪ್ರಕರಣದ ದಿಕ್ಕು ಬದಲಿಸಿತು. ವಾರಕ್ಕೆ ಎಷ್ಟು ದಿನ ಆಡುತ್ತೀರಿ ಎಂದು ಅವರು ಕೇಳಲಿಲ್ಲ. ಪೂರ್ತಿ ಬಲ ಹಾಕಿ ಎಷ್ಟು ಸಲ ಎಸೆಯುತ್ತೀರಿ ಎಂದು ಕೇಳಿದರು.

ಸುತ್ತುಗಳ ದಾಖಲೆ ಯೂಡಿಸ್ಕ್ ಆ್ಯಪ್‌ನಲ್ಲಿ ಇತ್ತು. ಒಂದು ಸುತ್ತಿನಲ್ಲಿ ಹದಿನೆಂಟು ಆರಂಭದ ಎಸೆತಗಳು, ಉದ್ದದ ದಾರಿಗಳಲ್ಲಿ ಇನ್ನೂ ಆರೇಳು. ಅಲ್ಲಿಗೆ ಸುಮಾರು ಇಪ್ಪತ್ತೈದು. ಉಳಿದವು ಬುಟ್ಟಿಯ ಹತ್ತಿರದ ಮೆಲು ಎಸೆತಗಳು. ವಾರಕ್ಕೆ ಐದು ಸುತ್ತು ಎಂದರೆ ನೂರಿಪ್ಪತ್ತೈದು. ಇಷ್ಟು ಬರೆದ ಮೇಲೆ ನಾನು ಮಂಗಳವಾರ ಗುರುವಾರಗಳ ಬಗ್ಗೆ ಕೇಳಿದೆ.

“ಆ ಎರಡು ದಿನ ಆಟವೇ ಇಲ್ಲವಲ್ಲ. ಶಾಲೆಯ ಮೈದಾನಕ್ಕೆ ಹೋಗಿ ಸ್ವಲ್ಪ ಅಭ್ಯಾಸ ಮಾಡಿ ಬರುತ್ತೇನೆ, ಮುಕ್ಕಾಲು ಗಂಟೆಯೂ ಆಗುವುದಿಲ್ಲ” ಎಂದರು ಅತ್ತಿಗೆ.

“ಎಷ್ಟು ತಟ್ಟೆ ಒಯ್ಯುತ್ತೀರಿ ಅತ್ತಿಗೆ?”

“ಹದಿನೈದು.”

“ಎಷ್ಟು ಸಲ ಎಸೆದು ಆಯ್ದು ತರುತ್ತೀರಿ?”

“ಐದು ಸಲ ಇರಬಹುದು.”

ಎಪ್ಪತ್ತೈದು ಎಸೆತ. ಅದೂ ದೂರ ಹೆಚ್ಚಿಸಿಕೊಳ್ಳುವ ಅಭ್ಯಾಸವಾದ್ದರಿಂದ ಪ್ರತಿಯೊಂದೂ ಪೂರ್ತಿ ಬಲದ್ದು. ವಾರಕ್ಕೆ ಎರಡು ದಿನ, ಒಟ್ಟು ನೂರೈವತ್ತು. ಅಂದರೆ ಇನ್ನೂರೆಪ್ಪತ್ತೈದು ಬಿರುಸಿನ ಎಸೆತಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಅವರು ವಿಶ್ರಾಂತಿ ಎಂದುಕೊಂಡ ದಿನಗಳಲ್ಲಿ ಬೀಳುತ್ತಿದ್ದವು. ಸುತ್ತಿನಲ್ಲಿ ಒಂದು ಎಸೆತಕ್ಕೂ ಇನ್ನೊಂದಕ್ಕೂ ನಡುವೆ ಆರೇಳು ನಿಮಿಷದ ನಡಿಗೆ, ಮಾತು, ಸರದಿ ಕಾಯುವುದು ಇರುತ್ತದೆ. ಮೈದಾನದಲ್ಲಿ ಹದಿನೈದು ತಟ್ಟೆಗಳು ನಾಲ್ಕೈದು ನಿಮಿಷದಲ್ಲಿ ಕೈಬಿಡುತ್ತವೆ. ಮೂರು ಸುತ್ತುಗಳ ಭಾರವನ್ನು ಮುಕ್ಕಾಲು ಗಂಟೆಯೊಳಗೆ ಒಂದೇ ಮೊಣಕೈಯ ಮೇಲೆ ಹೇರಿದಂತಾಯಿತು.

ಫೆಬ್ರುವರಿಯಲ್ಲಿ ಇದೇ ಎಣಿಕೆ ವಾರಕ್ಕೆ ಐವತ್ತು. ಏಪ್ರಿಲ್ ಮಧ್ಯದ ಹೊತ್ತಿಗೆ ಇನ್ನೂರೆಪ್ಪತ್ತೈದು. ಆರು ವಾರದಲ್ಲಿ ಐದು ಪಟ್ಟಿಗಿಂತ ಹೆಚ್ಚು. ಈ ಏರಿಕೆಯನ್ನು ನಲವತ್ತಮೂರರ ಮೊಣಕೈ ಇರಲಿ, ಇಪ್ಪತ್ತರದ್ದೂ ಸುಲಭವಾಗಿ ತಾಳುವುದಿಲ್ಲ. ಅಂತರ್ಜಾಲದ ಪಾಠಗಳಲ್ಲಿ ದಿನವೂ ಮೈದಾನಕ್ಕೆ ಹೋಗಿ ಎಸೆಯಿರಿ ಎನ್ನುವವರು ಎಷ್ಟು ಎಸೆಯಬೇಕೆಂದು ಹೇಳುವುದಿಲ್ಲ ಎಂಬುದು ನನಗೆ ನಿಜವಾಗಿಯೂ ಸಿಟ್ಟು ತರಿಸುತ್ತದೆ. ಕೇಳುವವರಲ್ಲಿ ಹೆಚ್ಚಿನವರು ಮೂವತ್ತೈದು ದಾಟಿ, ಎಸೆತದ ಆಟವೇ ಆಡದೆ ಬಂದವರು.

ಅಡುಗೆಮನೆಯ ಪಾಲು

ಎರಡು ವಾರದ ವಿಶ್ರಾಂತಿಯೂ ನಾವು ತಿಳಿದಷ್ಟು ವಿಶ್ರಾಂತಿಯಾಗಿರಲಿಲ್ಲ. ಬ್ಯಾಕ್‌ಹ್ಯಾಂಡ್ ಎಸೆತದಲ್ಲಿ ಕಾಲು, ಸೊಂಟದಿಂದ ಹೊರಟ ಬಲ ಎದೆಯ ಮುಂದೆ ಹಾದು ಮೊಣಕೈ ಬಿಚ್ಚಿಕೊಂಡಾಗ ಮಣಿಕಟ್ಟಿಗೆ ತಲುಪುತ್ತದೆ. ಅಷ್ಟು ಹೊತ್ತೂ ನಾಲ್ಕು ಬೆರಳುಗಳು ತಟ್ಟೆಯ ಅಂಚನ್ನು ಬಿಗಿಯಾಗಿ ಹಿಡಿದಿರಬೇಕು. ಬೆರಳು ಬಿಗಿದಾಗಲೆಲ್ಲ ಮಣಿಕಟ್ಟು ಒಳಕ್ಕೆ ಮಡಿಯದಂತೆ ಹಿಡಿದಿಡುವುದು ಮುಂದೋಳಿನ ಹಿಂಬದಿಯ ಸ್ನಾಯುಗಳು. ಅವನ್ನು ಮೊಣಕೈಯ ಹೊರ ಮೂಳೆಗೆ ಕಟ್ಟಿರುವ ಸ್ನಾಯುರಜ್ಜುವೇ ಇಲ್ಲಿ ನೊಂದಿರುವುದು.

ಈಗ ಅಡುಗೆಮನೆಯನ್ನು ನೋಡಿ. ಇಕ್ಕಳದಲ್ಲಿ ಬಿಸಿ ಪಾತ್ರೆ ಎತ್ತುವುದು ಬಿಗಿ ಹಿಡಿತದ ಕೆಲಸ. ಐದು ಜನರಿಗೆ ಚಪಾತಿ ಹಿಟ್ಟು ನಾದುವುದು, ಕಬ್ಬಿಣದ ಹಂಚನ್ನು ಅಂಗೈ ಕೆಳಗೆ ಮಾಡಿ ಎತ್ತಿಡುವುದು, ಒದ್ದೆ ಬಟ್ಟೆ ಹಿಂಡುವುದು, ಎಲ್ಲವೂ ಅದೇ ಸ್ನಾಯುರಜ್ಜುವಿನ ಮೇಲೆ. ಆಟ ಬಿಟ್ಟ ಆ ದಿನಗಳಲ್ಲಿ, ಸಂಜೆ ಮನೆಯಲ್ಲೇ ಇರುತ್ತೇನಲ್ಲ ಎಂದು ಅವರು ದಿನವೂ ರೊಟ್ಟಿಯನ್ನೋ ಚಪಾತಿಯನ್ನೋ ಮಾಡಿದ್ದರು. ನಮ್ಮ ಮನೆಗಳಲ್ಲಿ ಹೆಂಗಸರ ಕೈನೋವಿನ ಚರ್ಚೆ ಆಟದಿಂದ ಶುರುವಾಗಿ ಆಟದಲ್ಲೇ ಮುಗಿಯುತ್ತದೆ. ಅಡುಗೆಯ ಭಾರ ಲೆಕ್ಕಕ್ಕೆ ಬರುವುದಿಲ್ಲ. ಹಿಟ್ಟು ನಾದುವುದು ಅಂದಿನಿಂದ ಅಣ್ಣನ ಕೆಲಸವಾಯಿತು, ಇಂದಿಗೂ ಹಾಗೆಯೇ ಇದೆ. ಪಾತ್ರೆಗಳನ್ನು ಅಂಗೈ ಮೇಲ್ಮುಖವಾಗಿಸಿ ಎರಡೂ ಕೈಯಲ್ಲಿ ಎತ್ತುವುದನ್ನು ಅತ್ತಿಗೆ ರೂಢಿಸಿಕೊಂಡರು.

ಪೂರ್ತಿ ವಿಶ್ರಾಂತಿ ಏಕೆ ಸಾಲದು

ಸ್ನಾಯುರಜ್ಜು ಭಾರಕ್ಕೆ ಸ್ಪಂದಿಸುವ ರೀತಿಯನ್ನು ಕೋಪನ್‌ಹೇಗನ್ನಿನ ಸಂಶೋಧಕರು ಬಹಳ ಕಾಲ ಅಧ್ಯಯನ ಮಾಡಿದ್ದಾರೆ. ಜೋರಾದ ವ್ಯಾಯಾಮದ ನಂತರ ಅದರಲ್ಲಿರುವ ಕೊಲಾಜೆನ್ ಎಂಬ ನಾರಿನ ಪ್ರೋಟೀನು ಒಡೆಯುವುದೂ ಹೊಸದಾಗಿ ತಯಾರಾಗುವುದೂ ಎರಡೂ ಹೆಚ್ಚುತ್ತವೆ. ಮೊದಲ ಒಂದು, ಒಂದೂವರೆ ದಿನ ಒಡೆಯುವುದೇ ಮೇಲುಗೈ. ಅನಂತರ ಕಟ್ಟುವ ಕೆಲಸ ಮುಂದಾಗಿ ಮೂರನೆಯ ದಿನದವರೆಗೂ ನಡೆಯುತ್ತದೆ. ದಿನ ಬಿಟ್ಟು ದಿನವೂ ಅಲ್ಲದೆ ಪ್ರತಿದಿನವೂ ಬಿರುಸಾಗಿ ಎಸೆದವರ ಕೈಯಲ್ಲಿ ಕಟ್ಟುವ ಸರದಿ ಬರುವುದೇ ಇಲ್ಲ.

ಇದರ ಇನ್ನೊಂದು ಮುಖವನ್ನು ಆಟಗಾರರು ಮರೆಯುತ್ತಾರೆ. ಭಾರವೇ ಇಲ್ಲದಿದ್ದರೆ ಕಟ್ಟುವ ಕೆಲಸಕ್ಕೆ ಪ್ರಚೋದನೆಯೂ ಇಲ್ಲ. ಎರಡು ವಾರ ಸುಮ್ಮನಿದ್ದ ಸ್ನಾಯುರಜ್ಜು ನೋಯುವುದನ್ನು ನಿಲ್ಲಿಸಿರುತ್ತದೆ, ಆದರೆ ಅದರ ತಾಳಿಕೆ ಒಂದಿಷ್ಟೂ ಹೆಚ್ಚಿರುವುದಿಲ್ಲ, ಕೊಂಚ ಕುಗ್ಗಿಯೂ ಇರಬಹುದು. ಆ ಸ್ಥಿತಿಯಲ್ಲಿ ಮೂರು ದಿನದಲ್ಲಿ ಎಪ್ಪತ್ತೈದು ಬಿರುಸಿನ ಎಸೆತ ಹಾಕಿದ್ದು ಮೇ ಕೊನೆಯಲ್ಲಿ ನಡೆದ ಸಂಗತಿ. ನೋವು ಇಳಿದದ್ದನ್ನು ಗುಣವಾದದ್ದೆಂದು ಓದಿಕೊಳ್ಳುವುದು ಸಹಜ. ಮರುಕಳಿಕೆಗಳು ಹುಟ್ಟುವುದು ಬಹುಪಾಲು ಇಲ್ಲಿಂದಲೇ.

ನಡುವೆ ಒಬ್ಬ ವೈದ್ಯರು ಸ್ಟೀರಾಯ್ಡ್ ಚುಚ್ಚುಮದ್ದಿನ ಆಯ್ಕೆಯನ್ನೂ ಮುಂದಿಟ್ಟರು. ಜುಲೈನ ಟೂರ್ನಿಯೊಂದು ಅತ್ತಿಗೆಯ ಕಣ್ಣಲ್ಲಿತ್ತು, ಆಸೆಯೂ ಆಯಿತು. 2013ರಲ್ಲಿ ‘ಜಾಮಾ’ ವೈದ್ಯಕೀಯ ಪತ್ರಿಕೆಯಲ್ಲಿ ಆಸ್ಟ್ರೇಲಿಯದ ತಂಡವೊಂದು ಪ್ರಕಟಿಸಿದ ಅಧ್ಯಯನವನ್ನು ನಾವು ಕೂತು ಓದಿದೆವು. 165 ಜನರ ಮೇಲಿನ ಪ್ರಯೋಗ ಅದು. ಮೊದಲ ವಾರಗಳಲ್ಲಿ ಚುಚ್ಚುಮದ್ದು ನೋವನ್ನು ತಗ್ಗಿಸಿತ್ತು. ಆದರೆ ವರ್ಷ ಕಳೆಯುವಷ್ಟರಲ್ಲಿ ಅದನ್ನು ಪಡೆದವರಲ್ಲಿ ನೂರಕ್ಕೆ 54 ಜನರಿಗೆ ನೋವು ಮರುಕಳಿಸಿತ್ತು. ಹುಸಿ ಚುಚ್ಚುಮದ್ದು ಪಡೆದವರಲ್ಲಿ ನೂರಕ್ಕೆ 12 ಜನರಿಗೆ. ಜುಲೈನ ಟೂರ್ನಿಯನ್ನು ಅವರು ಕೈಬಿಟ್ಟರು. ಅವರು ತೆಗೆದುಕೊಂಡ ನಿರ್ಧಾರಗಳಲ್ಲಿ ಇದೇ ಕಠಿಣವಾದದ್ದು, ಇದೇ ಸರಿಯಾದದ್ದು ಎಂದು ನಾನು ಭಾವಿಸುತ್ತೇನೆ.

ಹೊಸ ವಾರ

ಮೊದಲ ಮೂರು ವಾರ ಪೂರ್ಣ ಬಲದ ಎಸೆತ ಒಂದೂ ಇಲ್ಲ. ಆದರೆ ಅಂಕಣಕ್ಕೆ ಹೋಗುವುದು ನಿಲ್ಲಲಿಲ್ಲ, ಇದನ್ನು ನಾನು ಹಟ ಹಿಡಿದು ಕೇಳಿಕೊಂಡಿದ್ದೆ. ಬುಧವಾರ ಲೀಗ್‌ನವರ ಜೊತೆ ನಡೆಯುತ್ತಿದ್ದರು, ಅಂಕ ಬರೆಯುತ್ತಿದ್ದರು, ಬುಟ್ಟಿಗೆ ಹತ್ತು ಮೀಟರ್ ಒಳಗಿನ ಎಸೆತಗಳನ್ನು ಮಾತ್ರ ತಾವೂ ಹಾಕುತ್ತಿದ್ದರು. ಆ ಮೆಲು ಎಸೆತಗಳು ಮೊಣಕೈಗೆ ತೊಂದರೆ ಕೊಡಲಿಲ್ಲ. ಹಿತ್ತಿಲಲ್ಲಿ ಒಂದು ಬುಟ್ಟಿ ತಂದಿಟ್ಟುಕೊಂಡರು.

ಜೊತೆಗೆ ಬಲ ತುಂಬುವ ವ್ಯಾಯಾಮ. ಮುಂದೋಳನ್ನು ಮೇಜಿನ ಮೇಲೆ ಒರಗಿಸಿ, ಅಂಗೈ ಕೆಳಮುಖವಾಗಿ ಸಣ್ಣ ಡಂಬೆಲ್ ಹಿಡಿದು ಮೊದಲು ಅಲುಗಾಡದೆ ನಿಲ್ಲಿಸುವುದು, ಕೆಲವು ದಿನಗಳ ನಂತರ ನಿಧಾನವಾಗಿ ಎತ್ತಿ ಇನ್ನೂ ನಿಧಾನವಾಗಿ ಇಳಿಸುವುದು. ದಿನ ಬಿಟ್ಟು ದಿನ. ಒಂದು ಕಿಲೋದಿಂದ ಶುರುವಾಗಿ ಸೆಪ್ಟೆಂಬರ್ ಹೊತ್ತಿಗೆ ನಾಲ್ಕು ಕಿಲೋ ತಲುಪಿತು. ವ್ಯಾಯಾಮದ ಹೊತ್ತಿನಲ್ಲಿ ಹತ್ತಕ್ಕೆ ಮೂರರವರೆಗಿನ ನೋವು ಇದ್ದರೆ ಪರವಾಗಿಲ್ಲ, ಆದರೆ ಮರುದಿನ ಬೆಳಿಗ್ಗೆ ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಹಿಂದಿನ ದಿನದ ಭಾರ ಹೆಚ್ಚಾಯಿತೆಂದು ಅರ್ಥ. ಬೆಳಗಿನ ಪರೀಕ್ಷೆಗೆ ಅವರು ಇಟ್ಟುಕೊಂಡದ್ದು ಕಾಫಿ ಲೋಟವನ್ನೇ.

ತಟ್ಟೆಗಳೂ ಬದಲಾದವು. ದೂರ ಹೋಗುವ ಡ್ರೈವರ್ ತಟ್ಟೆಗಳ ಅಂಚು ಅಗಲವಾಗಿರುತ್ತದೆ. ಅತ್ತಿಗೆಯ ಕೈ ಸಣ್ಣದು. ಅಗಲದ ಅಂಚನ್ನು ಜಾರದಂತೆ ಹಿಡಿಯಲು ಅವರು ವಿಪರೀತ ಬಿಗಿಯುತ್ತಿದ್ದರು. ನಿಯಮದ ಪ್ರಕಾರ ತಟ್ಟೆಯ ತೂಕ ವ್ಯಾಸದ ಪ್ರತಿ ಸೆಂಟಿಮೀಟರಿಗೆ 8.3 ಗ್ರಾಂ ಮೀರುವಂತಿಲ್ಲ. ಹಾಗಾಗಿ ಇಪ್ಪತ್ತೊಂದು ಸೆಂಟಿಮೀಟರಿನ ಆಸುಪಾಸಿನ ಡ್ರೈವರುಗಳು ಹೆಚ್ಚೆಂದರೆ ಸುಮಾರು 175 ಗ್ರಾಂ ತೂಗುತ್ತವೆ. ಗಂಡಸರ ಬಳಿ ಕಂಡದ್ದನ್ನೇ ಕೊಂಡಿದ್ದರಿಂದ ಅವರ ಚೀಲದಲ್ಲಿ ಎಲ್ಲವೂ ಆ ಗರಿಷ್ಠ ತೂಕದವೇ ಆಗಿದ್ದವು. 155 ಗ್ರಾಂ ಆಸುಪಾಸಿನ, ಅಂಚು ಕಿರಿದಾದ ತಟ್ಟೆಗಳಿಗೆ ಬಂದ ಮೇಲೆ ಹಿಡಿತ ಸಡಿಲವಾಯಿತು. ದೂರವೇನೂ ಕಡಿಮೆಯಾಗಲಿಲ್ಲ.

ಜುಲೈ ಆರಂಭದಲ್ಲಿ ಪೂರ್ಣ ಬಲದ ಎಸೆತಗಳು ಮರಳಿದವು, ವಾರಕ್ಕೆ ಇಪ್ಪತ್ತರಂತೆ. ಒಂದು ವಾರ ತಡೆದುಕೊಂಡರೆ ಮುಂದಿನ ವಾರ ಐದಾರು ಹೆಚ್ಚು. ಸೆಪ್ಟೆಂಬರಿನಲ್ಲಿ ವಾರ ಒಂದು ರೂಪಕ್ಕೆ ಬಂತು: ಬುಧವಾರ ಲೀಗ್, ಶನಿವಾರ ಒಂದು ಸುತ್ತು ಅಥವಾ ಟೂರ್ನಿ ಇದ್ದರೆ ಎರಡು, ಸೋಮವಾರ ಮೈದಾನದ ಅಭ್ಯಾಸ. ಮೈದಾನಕ್ಕೆ ಒಯ್ಯುವುದು ಹತ್ತೇ ತಟ್ಟೆ, ಎಸೆಯುವುದು ಎರಡೇ ಬಾರಿ. ವಾರಕ್ಕೆ ಎಪ್ಪತ್ತರಿಂದ ತೊಂಬತ್ತೈದರ ನಡುವೆ. ಎರಡು ಬಿರುಸಿನ ದಿನಗಳ ನಡುವೆ ಕನಿಷ್ಠ ಒಂದು ಪೂರ್ತಿ ದಿನದ ಅಂತರ. ಭಾನುವಾರ ಮಕ್ಕಳ ಜೊತೆಗಿನ ಸುತ್ತು ಉಳಿಯಿತು, ಆದರೆ ಅವರು ಅದನ್ನು ಹತ್ತಿರದ ಮೆಲು ಎಸೆತಕ್ಕೆ ಬಳಸುವ ಪಟರ್ ಎಂಬ ಒಂದೇ ಒಂದು ತಟ್ಟೆಯಿಂದ, ನಿಂತಲ್ಲಿಂದ ಮೆಲ್ಲಗೆ ಎಸೆದು ಆಡುತ್ತಾರೆ. ಮಕ್ಕಳಿಗೂ ಗೆಲ್ಲುವ ಅವಕಾಶ ಸಿಕ್ಕಿದ್ದರಿಂದ ಅವರ ಉತ್ಸಾಹ ಹೆಚ್ಚಿತು.

ನಿದ್ದೆಯ ವಿಷಯದಲ್ಲಿ ನಾವು ಅರ್ಧ ಮಾತ್ರ ಗೆದ್ದೆವು. ಲೀಗ್ ಮುಗಿಸಿ ಬಂದ ಬುಧವಾರ ರಾತ್ರಿಯೇ ಬೆಂಗಳೂರಿನ ಸಭೆ ಇರುತ್ತಿತ್ತು, ಮಲಗುವಾಗ ಹನ್ನೆರಡೂವರೆ. ಆ ಸಭೆಯನ್ನು ಮಂಗಳವಾರಕ್ಕೆ ಹಾಕಿಸಿಕೊಂಡರು. ಉಳಿದವು ಕದಲಲಿಲ್ಲ.

ಫಲಿತಾಂಶ

ಅಕ್ಟೋಬರಿನಲ್ಲಿ ಎರಡು ಸುತ್ತಿನ ಟೂರ್ನಿಯೊಂದನ್ನು ನೋವಿಲ್ಲದೆ ಮುಗಿಸಿದರು. ವಸಂತಕ್ಕೆ ಹೋಲಿಸಿದರೆ ಪ್ರತಿ ಸುತ್ತಿನಲ್ಲಿ ಮೂರು ನಾಲ್ಕು ಎಸೆತ ಉಳಿತಾಯವೂ ಆಗಿತ್ತು. ಅದು ಹೆಚ್ಚಿನ ಪಾಲು ಬುಟ್ಟಿಯ ಹತ್ತಿರದಿಂದ ಬಂದದ್ದು. ಆರಂಭದ ಎಸೆತದ ದೂರ ಸುಮಾರು ಎಪ್ಪತ್ತು ಮೀಟರಿನಲ್ಲೇ ನಿಂತಿದೆ. ವಾರದ ಬಿರುಸಿನ ಎಸೆತಗಳು ಸುಮಾರು ಮೂರನೆಯ ಒಂದಕ್ಕೆ ಇಳಿದರೂ ದೂರ ಇಳಿಯಲಿಲ್ಲ. ಆ ನೂರೈವತ್ತು ಎಸೆತಗಳು ಅವರಿಗೆ ಏನು ಕೊಡುತ್ತಿದ್ದವು ಎಂದು ಈಗ ಕೇಳಿಕೊಂಡರೆ ನನಗೆ ಉತ್ತರ ಹೊಳೆಯುವುದಿಲ್ಲ. ದಣಿದ ಕೈ ಕೊನೆಯ ಮೂವತ್ತು ನಲವತ್ತು ಎಸೆತಗಳಲ್ಲಿ ತಪ್ಪು ಚಲನೆಯನ್ನೇ ಕಲಿಯುತ್ತಿತ್ತು ಎಂಬ ಅನುಮಾನ ಮಾತ್ರ ಬಲವಾಗಿದೆ.

ಪೂರ್ತಿ ಗುಣವಾಗಿದೆ ಎಂದು ಹೇಳಲಾರೆ. ಚಳಿಯ ಬೆಳಗಿನಲ್ಲಿ ಮೈ ಬಿಸಿ ಮಾಡಿಕೊಳ್ಳದೆ ಎಸೆದರೆ ಆ ಬಿಂದು ಈಗಲೂ ಮಿಡಿಯುತ್ತದೆ. ನವೆಂಬರಿನಲ್ಲಿ ಗಡಿಯಾರ ಹಿಂದಕ್ಕೆ ತಿರುಗಿ, ಸಂಜೆ ಐದೂವರೆಗೇ ಕತ್ತಲಾಗಿ ಲೀಗ್ ನಿಂತಿತು. ಎಣಿಕೆ ತಾನಾಗಿಯೇ ಮತ್ತೆ ವಾರಕ್ಕೆ ಐವತ್ತಕ್ಕೆ ಇಳಿದಿದೆ. ಡಂಬೆಲ್ ವ್ಯಾಯಾಮ ವಾರಕ್ಕೆ ಎರಡು ದಿನ ನಡೆಯುತ್ತಿದೆ. ಮಾರ್ಚ್‌ನ ಎರಡನೆಯ ಭಾನುವಾರದಿಂದ ಮೊದಲ ಆರು ವಾರ ಮೈದಾನದ ಅಭ್ಯಾಸವೇ ಬೇಡ, ಲೀಗ್ ಮತ್ತು ಶನಿವಾರದ ಒಂದು ಸುತ್ತು ಮಾತ್ರ ಎಂದು ಅವರೇ ನಿರ್ಧರಿಸಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿದ್ದಾರೆ. ಆ ಆರು ವಾರಗಳ ಎಣಿಕೆಯನ್ನು ಈ ಸಲ ಅಣ್ಣ ಇಡುತ್ತಾನೆ.